ಎಡಗೈಯವರಿಗೆ ಕಡಿಮೆ ಬೆಲೆಯ ಬೋಲ್ಟ್ ಆ್ಯಕ್ಷನ್ ರೈಫಲ್: ಯಾವುದನ್ನು ಕೊಳ್ಳುವುದು?

ನೀವು ಕೇಳಿರುವುದು ಇಷ್ಟು: ಪೆನ್ಸಿಲ್ವೇನಿಯಾದಲ್ಲಿದ್ದೀರಿ, ಎಚ್-1ಬಿ ವೀಸಾ, ಎಡಗೈಯವರು, ಇದೇ ಮೊದಲ ರೈಫಲ್. ವೈಟ್‌ಟೇಲ್ ಜಿಂಕೆ ಬೇಟೆಗೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಸೇರಿ 800 ಡಾಲರ್ ಒಳಗೆ ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದ ಎತ್ತಿ ಎಳೆದು ತಳ್ಳುವ ರೈಫಲ್) ಬೇಕು. ಅಂಗಡಿಯವರು ಮಾತ್ರ "ಬಲಗೈ ರೈಫಲ್ಲೇ ತಗೊಳ್ಳಿ, ರೂಢಿಯಾಗುತ್ತೆ" ಅನ್ನುತ್ತಿದ್ದಾರೆ.

ಅವರ ಹತ್ತಿರ ಎಡಗೈಯದ್ದು ಸ್ಟಾಕ್ ಇಲ್ಲ, ಅದಕ್ಕೇ ಹಾಗಂದಿರುತ್ತಾರೆ. ನನ್ನ ಆಯ್ಕೆ ಸ್ಯಾವೇಜ್ ಕಂಪನಿಯ ಆ್ಯಕ್ಸಿಸ್ 2ರ ಎಡಗೈ ಮಾದರಿ, ತೋಟಾದ ಅಳತೆ .308 ವಿಂಚೆಸ್ಟರ್ ಅಥವಾ 6.5 ಕ್ರೀಡ್‌ಮೂರ್‌ನಲ್ಲಿ. ಆದರೆ ದುಡ್ಡು ಕೊಡುವ ಮೊದಲು ಎರಡು ವಿಷಯ ನೋಡಿಕೊಳ್ಳಬೇಕು.

ಮೊದಲನೆಯದು ವೀಸಾ. ಎಚ್-1ಬಿ, ಎಲ್-1, ಎಫ್-1 ಥರದ ನಾನ್-ಇಮಿಗ್ರಂಟ್ ವೀಸಾದಲ್ಲಿ ಇರುವವರು ಕೋವಿ ಅಥವಾ ತೋಟಾ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ನಿಷೇಧಿಸಿದೆ. ಅದಕ್ಕಿರುವ ವಿನಾಯಿತಿಗಳಲ್ಲಿ ನಿಮಗೆ ಅನ್ವಯಿಸುವುದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಹೊಂದಿರುವುದು. ಹಾಗಾಗಿ ಮೊದಲು ಹಂಟರ್ ಎಜುಕೇಶನ್ ಕೋರ್ಸ್, ಆಮೇಲೆ ಲೈಸೆನ್ಸ್, ಕೊನೆಗೆ ರೈಫಲ್. ಡೀಲರ್ ಹತ್ತಿರ ಫಾರ್ಮ್ 4473 (ಕೋವಿ ಕೊಳ್ಳುವಾಗಿನ ಫೆಡರಲ್ ಅರ್ಜಿ) ತುಂಬುವಾಗ ಲೈಸೆನ್ಸ್ ಮತ್ತು ಐ-94 (ದೇಶದೊಳಗೆ ಬಂದ ದಾಖಲೆ) ನಂಬರ್ ಎರಡೂ ಕೈಯಲ್ಲಿರಲಿ. ಪೆನ್ಸಿಲ್ವೇನಿಯಾದ ಲೈಸೆನ್ಸ್ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ರೈಫಲ್ ಮನೆಯಲ್ಲೇ ಇದ್ದು ಲೈಸೆನ್ಸ್ ಸತ್ತುಹೋದರೆ ವಿನಾಯಿತಿಯೂ ಅದರ ಜೊತೆಗೇ ಹೋಯಿತು. ನವೀಕರಣ ಮರೆಯುವ ಹಾಗೇ ಇಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಾಪತ್ರಯ ಇಲ್ಲ. ವೀಸಾ ವಿಷಯದಲ್ಲಿ ಸಣ್ಣ ಅನುಮಾನವಿದ್ದರೂ ನಿಮ್ಮ ಇಮಿಗ್ರೇಶನ್ ವಕೀಲರನ್ನೇ ಕೇಳಿ, ಗನ್ ಅಂಗಡಿಯವರನ್ನಲ್ಲ.

ಎರಡನೆಯದು ಕಣ್ಣು. ಎಡಗೈಯಲ್ಲಿ ಬರೆಯುವವರೆಲ್ಲರಿಗೂ ಎಡಗಣ್ಣೇ ಪ್ರಬಲವಾಗಿರುವುದಿಲ್ಲ. ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು-ತೋರುಬೆರಳುಗಳ ನಡುವೆ ಸಣ್ಣ ತ್ರಿಕೋನ ಮಾಡಿ, ಅದರೊಳಗಿಂದ ಗೋಡೆಯ ಸ್ವಿಚ್ಚನ್ನು ಎರಡೂ ಕಣ್ಣು ತೆರೆದು ನೋಡಿ. ಈಗ ಬಲಗಣ್ಣು ಮುಚ್ಚಿ. ಸ್ವಿಚ್ಚು ಅಲ್ಲೇ ಇದ್ದರೆ ಎಡಗಣ್ಣು ಪ್ರಬಲ, ತ್ರಿಕೋನದಿಂದ ಆಚೆ ಜಾರಿದರೆ ಬಲಗಣ್ಣು. ಬಲಗಣ್ಣು ಪ್ರಬಲವಾಗಿದ್ದು ನೀವು ಹೊಸಬರೂ ಆಗಿದ್ದರೆ, ಬಲ ಹೆಗಲಿನಿಂದಲೇ ಕಲಿಯುವುದು ಒಳ್ಳೆಯದು. ಆಗ ಮಾರುಕಟ್ಟೆಯೆಲ್ಲ ನಿಮ್ಮದೇ, ಮುಂದಿನ ಅರ್ಧ ಉತ್ತರ ಓದುವ ಅಗತ್ಯವೂ ಇಲ್ಲ. ಎಡಗೈ, ಎಡಗಣ್ಣು ಎರಡೂ ಸೇರಿದ್ದರೆ ಎಡಗೈ ಬೋಲ್ಟ್ ಬಿಟ್ಟು ಬೇರೇನೂ ನೋಡಬೇಡಿ.

ಯಾಕೆಂದರೆ, ಬಲಗೈ ರೈಫಲ್ಲನ್ನು ಎಡ ಹೆಗಲಿಗೆ ಇಟ್ಟಾಗ ಬೋಲ್ಟ್ ಎಳೆಯಲು ಎಡಗೈಯನ್ನು ಸ್ಕೋಪಿನ ಮೇಲಿಂದ ಆಚೆ ದಾಟಿಸಬೇಕು. ಕೆನ್ನೆ ಬಟ್ಟಿನಿಂದ (ಹೆಗಲಿಗೆ ಆನಿಸುವ ಹಿಂಭಾಗ) ಏಳುತ್ತದೆ, ಜಿಂಕೆ ಸ್ಕೋಪಿನಿಂದ ಮಾಯವಾಗುತ್ತದೆ, ಎರಡನೇ ಗುಂಡಿನ ಅವಕಾಶ ಅಲ್ಲಿಗೆ ಮುಗಿಯಿತು. ಇನ್ನೊಂದು ಕಾರಣ ಸುರಕ್ಷತೆಯದು. ಎಡ ಹೆಗಲಿನಿಂದ ಹೊಡೆಯುವವರ ಮುಖ ರೈಫಲ್ಲಿನ ಬಲಬದಿಗೆ ಇರುತ್ತದೆ, ಬಲಗೈ ರೈಫಲ್ಲಿನಲ್ಲಿ ಖಾಲಿ ಕೇಸು (ತೋಟಾದ ಲೋಹದ ಕವಚ) ಹೊರಬೀಳುವ ಕಿಂಡಿಯೂ ಬಲಬದಿಗೇ. ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ತೂತಾಗಿಯೋ ಕೇಸು ಒಡೆದೋ ಅನಿಲ ಹಿಂದಕ್ಕೆ ನುಗ್ಗಿದರೆ ಅದು ಬರುವುದು ನಿಮ್ಮ ಮುಖದ ಕಡೆಗೆ. ಅಪರೂಪವೇ, ಆದರೂ ಕನ್ನಡಕ ಹಾಕದೆ ಯಾವ ರೈಫಲ್ಲನ್ನೂ ಹೊಡೆಯಬೇಡಿ. (ನಮ್ಮ ಕಡೆ ಕಾಣುವ ಈಶಾಪುರ ಕಾರ್ಖಾನೆಯ .315 ಬೋಲ್ಟ್ ರೈಫಲ್ ಬಲಗೈಯದ್ದೇ. ಹಾಗಾಗಿ ಕೋವಿ ಹಿಡಿದು ಬೆಳೆದ ಎಡಚರೂ ಈ ಒದ್ದಾಟವನ್ನೇ ಸಹಜ ಅಂದುಕೊಂಡುಬಿಟ್ಟಿರುತ್ತಾರೆ.)

ಇನ್ನು ತೋಟಾ. ಎಡಗೈ ಮಾದರಿಗಳು ಎಲ್ಲ ಕ್ಯಾಲಿಬರ್‌ಗಳಲ್ಲಿ ಬರುವುದಿಲ್ಲ. ಆದ್ದರಿಂದ ಕ್ಯಾಲಿಬರ್ ಒಂದನ್ನೇ ಹಿಡಿದು ಕೂರದೆ, .308, 6.5 ಕ್ರೀಡ್‌ಮೂರ್, 7 ಎಂಎಂ-08, .243, .270, .30-06 ಇವುಗಳಲ್ಲಿ ಎಡಗೈಗೆ ಯಾವುದು ಸಿಗುತ್ತದೋ ನೋಡಿ. ವೈಟ್‌ಟೇಲ್‌ಗೆ ಇವೆಲ್ಲವೂ ಸಾಕು. ಒಂದೇ ತೂಕದ ರೈಫಲ್ಲಿನಲ್ಲಿ .30-06ರ ಒದೆತ .243ರದ್ದಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು. ಅಗ್ಗದ ರೈಫಲ್ಲುಗಳು ಹಗುರವಾಗಿರುವುದರಿಂದ ಒದೆತ ಇನ್ನೂ ಜೋರಾಗಿ ಗೊತ್ತಾಗುತ್ತದೆ. ಹೊಸಬರು ಒದೆತಕ್ಕೆ ಹೆದರಿ ಕಣ್ಣು ಮುಚ್ಚಿ ಟ್ರಿಗರ್ ಕೀಳುವ ಚಟ ಹತ್ತಿಸಿಕೊಂಡರೆ ಅದನ್ನು ಬಿಡಿಸುವುದು ಕಷ್ಟ. ಅದಕ್ಕೇ ನಾನು .30-06ಕ್ಕೆ ಹೋಗಬೇಡಿ ಅನ್ನುವುದು. ಒದೆತ ಕಡಿಮೆ ಇರಲಿ ಅಂದರೆ 6.5 ಕ್ರೀಡ್‌ಮೂರ್, ಯಾವ ಊರಿನ ಅಂಗಡಿಯಲ್ಲೂ ಗುಂಡು ಸಿಗಲಿ ಅಂದರೆ .308. ಮುಂದೆ ಒಹಾಯೋಗೆ ಹೋಗಿ ಬೇಟೆಯಾಡುವ ಯೋಚನೆ ಇದ್ದರೆ ಗಮನಿಸಿ: ಅಲ್ಲಿ ಜಿಂಕೆಗೆ ನೇರ ಗೋಡೆಯ ಕೇಸಿನ (ಮೂತಿಯ ಬಳಿ ಕತ್ತಿನಂತೆ ಕಿರಿದಾಗದ) ತೋಟಾ ಮಾತ್ರ, ಮೇಲಿನ ಒಂದೂ ನಡೆಯುವುದಿಲ್ಲ.

ಈಗ ರೈಫಲ್. ಎಡಚರ ವಿಷಯದಲ್ಲಿ ಸ್ಯಾವೇಜ್ ಹಳೇ ಕುಳ. ಅವರ 110 ಮಾದರಿ 1958ರಲ್ಲಿ ಬಂತು, ಮರುವರ್ಷವೇ ಅದರ ಎಡಗೈ ರೂಪವೂ ಬಂತು. ಬ್ಯಾರಲ್ಲನ್ನು ನಟ್ಟಿನಿಂದ ಬಿಗಿದು ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ತೋಟಾಕ್ಕೆ ಉಳಿಯುವ ಜಾಗ) ಹೊಂದಿಸುವ ಅವರ ವಿಧಾನ ತಯಾರಿಕೆ ಖರ್ಚನ್ನು ಇಳಿಸುತ್ತದೆ, ಕೊಟ್ಟ ಬೆಲೆಗೆ ಗುಂಡೂ ನೇರ ಹೋಗುತ್ತದೆ. ಆ್ಯಕ್ಸಿಸ್ ಅದರ ಅಗ್ಗದ ತಮ್ಮ, ಸಾಮಾನ್ಯವಾಗಿ 400ರಿಂದ 550 ಡಾಲರ್ ಆಸುಪಾಸು. ಬರೀ ಆ್ಯಕ್ಸಿಸ್ ಅಲ್ಲ, ಆ್ಯಕ್ಸಿಸ್ 2 ಅಂತ ಕೇಳಿ. ಹಳೆಯ ಸಾದಾ ಆ್ಯಕ್ಸಿಸ್‌ನ ಟ್ರಿಗರ್ ಬಿಗಿ, ಹೊಂದಿಸಲು ಬರುವುದಿಲ್ಲ. 2ರಲ್ಲಿ ಆ್ಯಕ್ಯೂಟ್ರಿಗರ್ ಇದೆ, ಎಳೆತವನ್ನು ಸ್ಕ್ರೂ ತಿರುಗಿಸಿ ಇಳಿಸಬಹುದು. ಬೇಟೆಗೆ 3 ಪೌಂಡ್ ಸಾಕು, ಅದಕ್ಕಿಂತ ಕೆಳಗೆ ಬೇಡ, ಚಳಿಯಲ್ಲಿ ಗ್ಲೋವ್ ಹಾಕಿರುತ್ತೀರಿ. ಟ್ರಿಗರಿನ ನಡುವೆ ಒಂದು ತೆಳು ಅಲಗು ಇರುತ್ತದೆ. ಬೆರಳನ್ನು ಓರೆಯಾಗಿ ಇಟ್ಟು ಅಲಗು ಒತ್ತದೆ ಎಳೆದರೆ ಸಿಯರ್ (ತೋಟಾಕ್ಕೆ ಬಡಿಯುವ ಫೈರಿಂಗ್ ಪಿನ್ನನ್ನು ತಡೆದಿಡುವ ತುಣುಕು) ಜಾರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಗುಂಡು ಹಾರುವುದಿಲ್ಲ. ಬೋಲ್ಟ್ ಎತ್ತಿ ಮತ್ತೆ ಕಾಕ್ ಮಾಡಬೇಕು (ಹೊಡೆಯಲು ಸಜ್ಜುಮಾಡಬೇಕು). ಇದು ಕೆಟ್ಟಿದ್ದಲ್ಲ, ಅದರ ಸುರಕ್ಷತೆಯೇ ಹಾಗೆ.

ಆ್ಯಕ್ಸಿಸ್‌ನ ನಿಜವಾದ ದೌರ್ಬಲ್ಯ ಪ್ಲಾಸ್ಟಿಕ್ ಸ್ಟಾಕ್, ಅಂದರೆ ಕೈಯಲ್ಲಿ ಹಿಡಿದು ಹೆಗಲಿಗಿಡುವ ಹೊರ ಚೌಕಟ್ಟು. ಒಂದು ಡಾಲರ್ ನೋಟನ್ನು ಬ್ಯಾರಲ್ ಮತ್ತು ಫೋರೆಂಡ್ (ಸ್ಟಾಕಿನ ಮುಂಭಾಗ) ನಡುವೆ ತೂರಿಸಿ ಬೋಲ್ಟ್ ಕೂರುವ ರಿಸೀವರ್‌ವರೆಗೂ ಎಳೆಯಿರಿ, ಸಲೀಸಾಗಿ ಹೋಗಬೇಕು. ಈಗ ಫೋರೆಂಡಿನ ತುದಿಯನ್ನು ಬೆರಳಿನಿಂದ ಬ್ಯಾರಲ್ಲಿನ ಕಡೆಗೆ ಒತ್ತಿ ನೋಡಿ: ಬಾಗುತ್ತದೆ, ನೋಟು ಸಿಕ್ಕಿಕೊಳ್ಳುತ್ತದೆ. ಬೈಪಾಡ್ (ಮುಂದಿನ ಎರಡು ಕಾಲಿನ ಆಸರೆ) ಹಾಕಿಯೋ ತುದಿಯನ್ನು ಮರಕ್ಕೆ ಒತ್ತಿಯೋ ಹೊಡೆದರೆ ಇದೇ ಆಗುವುದು, ಗುಂಡು ಪಕ್ಕಕ್ಕೆ ಸರಿಯುತ್ತದೆ. ಆಸರೆಯನ್ನು ತುದಿಗೆ ಕೊಡದೆ ತೋಟಾ ತುಂಬುವ ಮ್ಯಾಗಜಿನ್ನಿಗೆ ಸ್ವಲ್ಪ ಮುಂದೆ ಕೊಟ್ಟರೆ ಸಮಸ್ಯೆ ಬಹಳಮಟ್ಟಿಗೆ ಹೋಗುತ್ತದೆ. ಆಮೇಲೆ ದುಡ್ಡಾದಾಗ ಬಾಯ್ಡ್ಸ್ ಕಂಪನಿಯ ಮರದ ಸ್ಟಾಕ್ ಹಾಕಿಸಬಹುದು, ಎಡಗೈ ಅಂತ ಸ್ಪಷ್ಟವಾಗಿ ಆರ್ಡರ್ ಮಾಡಿ. ಇನ್ನೊಂದು ದೂರು ಬೋಲ್ಟ್ ಎತ್ತುವುದು ಬಿಗಿ ಅನ್ನುವುದು. ಬೋಲ್ಟಿನ ಲಗ್‌ಗಳ (ಮುಚ್ಚಿದಾಗ ಬೋಲ್ಟನ್ನು ಬಿಗಿ ಹಿಡಿಯುವ ಉಬ್ಬುಗಳು) ಹಿಂಬದಿಗೂ, ಬೋಲ್ಟ್ ಎತ್ತಿದಾಗ ಪಿನ್ನನ್ನು ಹಿಂದಕ್ಕೆ ತಳ್ಳುವ ಕಾಕಿಂಗ್ ಇಳಿಜಾರಿಗೂ ಅಕ್ಕಿಕಾಳಷ್ಟು ಗ್ರೀಸ್ ಸವರಿ, ಖಾಲಿ ರೈಫಲ್ಲಿನಲ್ಲಿ ಒಂದೆರಡು ಸಂಜೆ ಆಡಿಸಿದರೆ ಸಡಿಲವಾಗುತ್ತದೆ.

ರೂಗರ್ ಅಮೆರಿಕನ್ ಎಡಗೈ ಮಾದರಿ ಇದರ ನೇರ ಪ್ರತಿಸ್ಪರ್ಧಿ. ಮೂರು ಲಗ್ ಇರುವುದರಿಂದ ಬೋಲ್ಟ್ 70 ಡಿಗ್ರಿ ಎತ್ತಿದರೆ ಸಾಕು, ಸ್ಯಾವೇಜ್‌ನಲ್ಲಿ 90. ಸ್ಕೋಪಿನ ದಪ್ಪ ಕಣ್ಣುಭಾಗಕ್ಕೆ ಗೆಣ್ಣು ತಾಗುವುದು ಇದರಲ್ಲಿ ಕಡಿಮೆ. ಮೊದಲ ಪೀಳಿಗೆಯದರಲ್ಲಿ ಸುತ್ತುವ ಪ್ಲಾಸ್ಟಿಕ್ ಮ್ಯಾಗಜಿನ್ನಿನ ಕೊಂಡಿ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ, 'ಟಕ್' ಅಂದ ಮೇಲೂ ಒಮ್ಮೆ ಕೆಳಕ್ಕೆ ಜಗ್ಗಿ ನೋಡಿ. ಎರಡು ರೈಫಲ್ಲೂ ಕೈಗೆ ಸಿಕ್ಕರೆ, ಹೆಗಲಿಗೆ ಯಾವುದು ಕೂರುತ್ತದೋ ಅದನ್ನೇ ತಗೊಳ್ಳಿ. ಎರಡರಲ್ಲೂ ಸೇಫ್ಟಿ ಹೆಬ್ಬೆರಳಿನ ಕೆಳಗೆ ನಡುವಿನಲ್ಲೇ ಇರುವುದರಿಂದ ಎಡ-ಬಲ ಚಿಂತೆಯಿಲ್ಲ. ಟಿಕ್ಕಾ ಟಿ3ಎಕ್ಸ್ ಲೈಟ್ ಎಡಗೈ ಮಾದರಿಯ ಬೋಲ್ಟ್ ಬೆಣ್ಣೆ, ಟ್ರಿಗರ್ ಇನ್ನೂ ಚೆನ್ನ, ಆದರೆ ಸ್ಕೋಪ್ ಸೇರಿ 800ರಲ್ಲಿ ಹೊಂದುವುದಿಲ್ಲ. ಇನ್ನೂರು ಡಾಲರ್ ಹಿಗ್ಗಿಸಲು ಆಗುವುದಾದರೆ ಮಾತ್ರ ನೋಡಿ.

ಎಡಗೈ ರೈಫಲ್ಲುಗಳು ಕಪಾಟಿನಲ್ಲಿ ಕಾಣುವುದು ಕಡಿಮೆ. ಆನ್‌ಲೈನಿನಲ್ಲಿ ಕೊಂಡು ನಿಮ್ಮೂರಿನ ಲೈಸೆನ್ಸ್ ಇರುವ ಡೀಲರ್‌ಗೆ ತರಿಸಿಕೊಳ್ಳಬೇಕಾದೀತು, ಅವರ ಟ್ರಾನ್ಸ್‌ಫರ್ ಶುಲ್ಕವನ್ನೂ ಲೆಕ್ಕಕ್ಕೆ ಹಿಡಿಯಿರಿ. ಜಾಹೀರಾತಿನಲ್ಲಿ ಎಡಗೈ ಅಂತಿದ್ದರೂ ಬೋಲ್ಟ್ ಹಿಡಿ ಮತ್ತು ಕಿಂಡಿ ಎರಡೂ ಎಡಬದಿಗೆ ಕಾಣುವ ಫೋಟೊ ಕೇಳಿ.

ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೆಯ ಸ್ಯಾವೇಜ್ 110, ರೆಮಿಂಗ್ಟನ್ 700 ಎಡಗೈಯವು ಒಮ್ಮೊಮ್ಮೆ ಒಳ್ಳೆ ಬೆಲೆಗೆ ಬರುತ್ತವೆ. ಮರದ ಸ್ಟಾಕ್ ಇದ್ದರೆ ಕೆನ್ನೆ ಆನಿಸುವ ಉಬ್ಬು ಬಲಬದಿಗಿರಬೇಕು. ರೆಮಿಂಗ್ಟನ್ 700 ಆದರೆ ಟ್ರಿಗರ್ ವಿಚಾರಿಸಿ: 2006ರ ಮೇಯಿಂದ 2014ರ ಏಪ್ರಿಲ್‌ವರೆಗೆ ತಯಾರಾದ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್‌ಗಳನ್ನು ಕಂಪನಿಯೇ ವಾಪಸ್ ಕರೆದಿತ್ತು. ಅದಕ್ಕೂ ಹಿಂದಿನ ವಾಕರ್ ಟ್ರಿಗರ್ ಮೇಲೆ ಕೋರ್ಟು ಕೇಸುಗಳಾಗಿವೆ. ಯಾವ ಹಳೇ ರೈಫಲ್ಲೇ ಆಗಲಿ, ಅಂಗಡಿಯವರ ಅನುಮತಿ ಕೇಳಿ ಹೀಗೆ ಪರೀಕ್ಷಿಸಿ: ಚೇಂಬರ್ (ತೋಟಾ ಕೂರುವ ಗೂಡು) ಖಾಲಿ ಅಂತ ಕಣ್ಣಲ್ಲೂ ಬೆರಳಲ್ಲೂ ಖಚಿತಮಾಡಿಕೊಂಡು ಕಾಕ್ ಮಾಡಿ, ಸೇಫ್ಟಿ ಹಾಕಿ, ಟ್ರಿಗರ್ ಗಟ್ಟಿಯಾಗಿ ಎಳೆದು ಬಿಡಿ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ. 'ಕ್ಲಿಕ್' ಅಂದರೆ ಅಲ್ಲೇ ಇಟ್ಟು ಬನ್ನಿ. ಆಮೇಲೆ ಬೋಲ್ಟ್ ಜೋರಾಗಿ ಮುಚ್ಚಿ, ಬಟ್ಟನ್ನು ರಬ್ಬರ್ ಮ್ಯಾಟ್ ಮೇಲೆ ಕುಟ್ಟಿ, ಆಗಲೂ ಫೈರಿಂಗ್ ಪಿನ್ ಬೀಳಬಾರದು. ಬೋಲ್ಟ್ ತೆಗೆದು ಬ್ಯಾರಲ್ಲಿನೊಳಗೆ ಟಾರ್ಚ್ ಬಿಟ್ಟು ತುಕ್ಕಿನ ಗುಳಿ ನೋಡಿ, ಬಾಯಿಯ ಅಂಚಿನಲ್ಲಿ ಕಚ್ಚು ಬಿದ್ದಿದೆಯೇ ನೋಡಿ.

ಉಳಿದ ದುಡ್ಡು ಸ್ಕೋಪಿಗೆ. ಪೆನ್ಸಿಲ್ವೇನಿಯಾದ ಕಾಡಿಗೆ 3-9×40 (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, 40 ಮಿ.ಮೀ. ಮಸೂರದ್ದು) ಧಾರಾಳ. ಸ್ಕೋಪನ್ನು ಹಿಡಿದಿಡುವ ರಿಂಗ್ ಸ್ಕ್ರೂಗಳನ್ನು ಟಾರ್ಕ್ ಡ್ರೈವರ್‌ನಲ್ಲಿ 15ರಿಂದ 18 ಇಂಚು-ಪೌಂಡ್‌ಗೆ ಬಿಗಿಯಿರಿ. ಕೈ ಅಳತೆಯಲ್ಲಿ ಬಿಗಿದು ಟ್ಯೂಬ್ ಜಜ್ಜಿಹಾಕುವವರೇ ಹೆಚ್ಚು. ಶೂನ್ಯ ಮಾಡಲು (ಸ್ಕೋಪ್ ತೋರಿಸುವಲ್ಲೇ ಗುಂಡು ಬೀಳುವಂತೆ ಹೊಂದಿಸಲು) ಮೊದಲು 25 ಗಜ: ಬೋಲ್ಟ್ ತೆಗೆದು, ರೈಫಲ್ಲನ್ನು ಮರಳಿನ ಚೀಲದ ಮೇಲೆ ಅಲ್ಲಾಡದಂತೆ ಇಟ್ಟು, ಹಿಂದಿನಿಂದ ಬ್ಯಾರಲ್ ಮೂಲಕ ಗುರಿಯನ್ನು ನಡುವಿಗೆ ತನ್ನಿ. ನಂತರ ಸ್ಕೋಪಿನ ಅಡ್ಡಗೆರೆಯನ್ನು ಅದೇ ಗುರಿಗೆ ತಿರುಗಿಸಿ. ಈಗ ಗೆರೆ ಸರಿಯುವುದು ನಾಬಿನ ಬಾಣಕ್ಕೆ ಉಲ್ಟಾ, ಯಾಕೆಂದರೆ ಬಾಣ ತೋರಿಸುವುದು ಗುಂಡು ಬೀಳುವ ಜಾಗ ಎತ್ತ ಸರಿಯುತ್ತದೆ ಅನ್ನುವುದನ್ನು. ಬೋಲ್ಟ್ ಹಾಕಿ ಮೂರು ಗುಂಡು ಹೊಡೆಯಿರಿ. ಕಾಲು ಎಂಒಎ (ಕೋನದ ಅಳತೆ, 1 ಎಂಒಎ ಅಂದರೆ 100 ಗಜಕ್ಕೆ ಸುಮಾರು ಒಂದು ಇಂಚು) ಸ್ಕೋಪಿನಲ್ಲಿ 100 ಗಜಕ್ಕೆ ಒಂದು ಇಂಚು ಸರಿಸಲು 4 ಕ್ಲಿಕ್, 25 ಗಜಕ್ಕೆ 16. ಗುಂಡುಗಳು 25 ಗಜದಲ್ಲಿ ಗುರಿಗಿಂತ ಅರ್ಧದಿಂದ ಮುಕ್ಕಾಲು ಇಂಚು ಕೆಳಗೆ ಬಿದ್ದರೆ 100 ಗಜದಲ್ಲಿ ಹತ್ತಿರಹತ್ತಿರ ನಡುವಿಗೇ ಬೀಳುತ್ತವೆ. ಅಲ್ಲಿ ಮೂರು ಗುಂಡು 2 ಇಂಚಿನೊಳಗೆ ಕೂತರೆ ಜಿಂಕೆಗೆ ಸಾಕು. ಬ್ಯಾರಲ್ ಬಿಸಿಯಾದಾಗ ಗುಂಪು ಹರಡಿದರೆ ಸ್ಕೋಪ್ ಮುಟ್ಟಬೇಡಿ, ತಣಿಯಲು ಬಿಡಿ. ಹರಡುವುದು ನಿಲ್ಲದಿದ್ದರೆ ಮೊದಲು ಸ್ಟಾಕ್ ಸ್ಕ್ರೂ, ಆಮೇಲೆ ರಿಂಗ್ ಸ್ಕ್ರೂ ನೋಡಿ, ಅದೂ ಸರಿಯಿದ್ದರೆ ಬೇರೆ ಕಂಪನಿಯ ತೋಟಾ ಹಾಕಿ ನೋಡಿ. ಅಗ್ಗದ ರೈಫಲ್ಲುಗಳಿಗೆ ಒಂದು ಬ್ರ್ಯಾಂಡ್ ಹಿಡಿಸುತ್ತದೆ, ಇನ್ನೊಂದು ಹಿಡಿಸುವುದಿಲ್ಲ. ಹಾಗಾಗಿ ಮೊದಲೇ ಎರಡು ಬ್ರ್ಯಾಂಡಿನ ಒಂದೊಂದು ಡಬ್ಬಿ ತಂದುಕೊಳ್ಳಿ, ಹೊಂದಿದ್ದು ಗೊತ್ತಾದ ಮೇಲೆ ಅದರದ್ದೇ ನಾಲ್ಕೈದು ಡಬ್ಬಿ ಒಟ್ಟಿಗೆ ತೆಗೆದಿಡಿ. ನವೆಂಬರ್ ಹತ್ತಿರ ಬಂದಾಗ ಬೇಕಾದ ತೋಟಾವೇ ಅಂಗಡಿಯಲ್ಲಿ ಖಾಲಿಯಾಗಿರುತ್ತದೆ.