ಮೋಟರ್ ಮಾತು: ಹಕ್ಕಿ ಕರೆಯುವ ಯಂತ್ರ

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನ ಲಿಂಕನ್‌ಶೈರ್‌ನಲ್ಲಿ ನೌಕರಿಯಲ್ಲಿದ್ದಾನೆ. ಅಲ್ಲಿ ಪರಿಚಯದ ರೈತರೊಬ್ಬರ ರೇಪ್ ಎಂಬ ಎಣ್ಣೆಕಾಳಿನ ಬೆಳೆಗೆ ಪಾರಿವಾಳಗಳ ಕಾಟವಂತೆ. ರಜೆಯ ದಿನ ಅವರ ಜತೆ ಬಂದೂಕು ಹಿಡಿದು ಹೋಗುತ್ತಾನೆ. ಎರಡು ತೋಳುಗಳ ತುದಿಗೆ ಪಾರಿವಾಳದ ಬೊಂಬೆ ಸಿಕ್ಕಿಸಿ ಬ್ಯಾಟರಿಯಿಂದ ತಿರುಗಿಸುವ ಯಂತ್ರವನ್ನು ಮೊದಲ ಸಲ ಕೊಳ್ಳಬೇಕೆಂದಿದ್ದಾನೆ. ಯಾವುದು ಬಾಳಿಕೆ ಬರುತ್ತದೆ ಎಂದು ನಿಮ್ಮನ್ನು ಕೇಳಲು ಹೇಳಿದ. ಜತೆಗೆ ನನ್ನದೊಂದು ಆಸೆ: ಅಂಥದ್ದೇ ಒಂದನ್ನು ಊರಿಗೆ ತರಿಸಿ ನಮ್ಮ ಎರಡು ಎಕರೆ ಸೂರ್ಯಕಾಂತಿಯಲ್ಲಿ ನಿಲ್ಲಿಸಿದರೆ ಹಕ್ಕಿಗಳು ಹೆದರಿ ಹೋಗುತ್ತವೆಯೇ?
— ಓದುಗರು, ಜಗಳೂರು ತಾಲ್ಲೂಕು

ಉತ್ತರ: ಯಜಮಾನರೇ, ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರ ಕೊಡುತ್ತೇನೆ. ದಯವಿಟ್ಟು ಅದನ್ನು ನಿಮ್ಮ ಹೊಲಕ್ಕೆ ತರಿಸಬೇಡಿ. ಅದು ಹಕ್ಕಿ ಓಡಿಸುವ ಯಂತ್ರವಲ್ಲ, ಕರೆಯುವ ಯಂತ್ರ. ನಮ್ಮ ಹಿಂದಿನ ಬೇಟೆಗಾರರು ಸಾಕಿದ ಹಕ್ಕಿಯನ್ನೋ ಜಿಂಕೆಯನ್ನೋ ಮುಂದೆ ಬಿಟ್ಟು ಅದರ ಜಾತಿಯವನ್ನು ಸೆಳೆಯುತ್ತಿದ್ದರು. ಅದಕ್ಕೆ ದೀಹ ಎನ್ನುತ್ತಿದ್ದರು. ಇದು ಮೋಟರ್ ಕಟ್ಟಿದ ದೀಹ.

ಇದನ್ನು ಕಣ್ಣಾರೆ ಕಂಡು ಹೇಳುತ್ತಿದ್ದೇನೆ. ಎರಡು ವರ್ಷದ ಹಿಂದೆ ದಾವಣಗೆರೆಯ ನನ್ನ ರಿವೈಂಡಿಂಗ್ ಅಂಗಡಿಗೆ ಗಿರಾಕಿಯೊಬ್ಬರು ವಿದೇಶದಿಂದ ಬಂದ ಇಂಥದೊಂದು ಯಂತ್ರ ತಂದರು. ಮೋಟರ್ ಗುಂಯ್ ಎನ್ನುತ್ತಿತ್ತು, ತೋಳು ತಿರುಗುತ್ತಿರಲಿಲ್ಲ. ಬಿಚ್ಚಿದರೆ ಗ್ರೀಸ್ ಒಣಗಿ ಮೇಣವಾಗಿದೆ, ನೈಲಾನ್ ಗೇರಿನ ನಾಲ್ಕು ಹಲ್ಲು ಸವೆದು ನುಣ್ಣಗಾಗಿವೆ. ಗೇರು ಬದಲಿಸಿ, ಪರೀಕ್ಷೆಗೆಂದು ಹದಡಿ ಕಡೆಯ ನಮ್ಮ ಅಣ್ಣನ ಹೊಲದಲ್ಲಿ, ಮೆಕ್ಕೆಜೋಳ ಮುರಿದ ಕೂಳೆಯ ನಡುವೆ ನಿಲ್ಲಿಸಿದೆ. ಅರ್ಧ ಗಂಟೆ ಆಗಿರಲಿಲ್ಲ. ಗೋದಾಮಿನ ತಗಡಿನ ಮೇಲಿದ್ದ ಪಾರಿವಾಳಗಳು ಒಂದು ಸುತ್ತು ಹಾಕಿ, ಗಾಳಿಗೆ ಎದುರಾಗಿ ರೆಕ್ಕೆ ಬಿಚ್ಚಿ, ಬೊಂಬೆಗಳ ಪಕ್ಕದಲ್ಲೇ ಇಳಿದು ಕಾಳು ಹೆಕ್ಕತೊಡಗಿದವು. ಮೋಟರ್ ನಿಲ್ಲಿಸಿದೆ, ಒಂದೂ ಏಳಲಿಲ್ಲ. ತಿರುಗುವ ಬೊಂಬೆ ದೂರಕ್ಕೆ ಕಾಣುವುದು "ನಮ್ಮವರು ಇಳಿಯುತ್ತಿದ್ದಾರೆ, ಅಲ್ಲಿ ಮೇವಿದೆ" ಎಂಬಂತೆ.

ಇಂಗ್ಲೆಂಡಿನಲ್ಲಿ ಬೆಳೆ ತಿನ್ನುವುದು ಬಹುಮಟ್ಟಿಗೆ ವುಡ್ ಪಿಜನ್ ಎಂಬ ದಪ್ಪ ಕಾಡುಪಾರಿವಾಳ. ಅದರ ರೆಕ್ಕೆಯ ಮೇಲೆ ಬಿಳಿ ಪಟ್ಟಿಯಿದೆ, ಹಾರುವಾಗ ಮಿಂಚುತ್ತದೆ. ಆ ಮಿಂಚನ್ನು ದೂರದ ಹಕ್ಕಿಗೆ ತೋರಿಸುವುದೇ ಈ ಯಂತ್ರದ ಕೆಲಸ.

ಈಗ ನಿಮ್ಮ ಮಗನ ಪ್ರಶ್ನೆ. ಕಂಪನಿಯ ಹೆಸರು ನೋಡುವ ಮೊದಲು ವೇಗದ ಗುಂಡಿ ನೋಡಲಿ. ಹೊಸಬರು ಮಾಡುವ ದೊಡ್ಡ ತಪ್ಪು ಯಂತ್ರವನ್ನು ಫ್ಯಾನಿನಂತೆ ಓಡಿಸುವುದು. ಇಳಿಯುವ ಹಕ್ಕಿ ಹಾಗೆ ಹಾರುವುದಿಲ್ಲ. ಜೋರಾದರೆ ಬಂದವೂ ತಿರುಗಿಹೋಗುತ್ತವೆ. ಕಣ್ಣಿನಿಂದ ಸುತ್ತು ಎಣಿಸಲು ಬರಬೇಕು, ಅಷ್ಟು ನಿಧಾನ. ಆ ನಿಧಾನದಲ್ಲೂ ಎದುರುಗಾಳಿಗೆ ತೋಳು ತಡವರಿಸದೆ ಸಾಗಬೇಕು. ಇದು ಮೋಟರಿನ ನಿಜವಾದ ಪರೀಕ್ಷೆ. ಕರೆಂಟನ್ನು ಕ್ಷಣಕ್ಷಣಕ್ಕೂ ಕತ್ತರಿಸಿ ಕೊಡುವ ಪಿಡಬ್ಲ್ಯುಎಂ ನಿಯಂತ್ರಕವಿದ್ದರೆ ನಿಧಾನದಲ್ಲೂ ಬಲ ಉಳಿಯುತ್ತದೆ. ಬರೀ ರೆಸಿಸ್ಟರ್ ಹಾಕಿ ವೇಗ ತಗ್ಗಿಸುವ ಅಗ್ಗದ ಯಂತ್ರದಲ್ಲಿ ಬ್ಯಾಟರಿಯ ಶಕ್ತಿ ಬಿಸಿಯಾಗಿ ಹೋಗುತ್ತದೆ, ಮೋಟರ್ ಹೊರಡುವಾಗಲೇ ಮುಗ್ಗರಿಸುತ್ತದೆ.

ಗೇರು ಲೋಹದ್ದಿರಲಿ. ನಾನು ಬಿಚ್ಚಿದ ಯಂತ್ರದ ಹಲ್ಲು ಸವೆದದ್ದು ಸುಮ್ಮನೆ ಅಲ್ಲ. ಒಂದು ತೋಳಿಗೆ ಹಗುರ ಪ್ಲಾಸ್ಟಿಕ್ ಬೊಂಬೆ, ಇನ್ನೊಂದಕ್ಕೆ ಹೊಡೆದ ಹಕ್ಕಿಯನ್ನೇ ಸಿಕ್ಕಿಸುತ್ತಿದ್ದರಂತೆ. ಕಾಡುಪಾರಿವಾಳ ಅರ್ಧ ಕಿಲೋ ತೂಗುತ್ತದೆ, ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಹಾಗೆ ಓಲಾಡುವ ತೂಕ ಪ್ರತಿ ಸುತ್ತಿಗೂ ಗೇರನ್ನು ಗುದ್ದುತ್ತದೆ. ಎರಡು ಕಡೆಯೂ ಸಮತೂಕವಿರಬೇಕು. ಎತ್ತಿನ ಜೋಡಿ ನೋಡಿ ಕಟ್ಟುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತರ ಮಾತ್ರ ಸಮವಿರುವುದು ಬೇಡ. ತೋಳುಗಳನ್ನು ಬಗ್ಗಿಸಿ ಒಂದು ಹಕ್ಕಿ ಮೇಲೆ, ಒಂದು ಕೆಳಗೆ ಹಾರುವಂತೆ ಹೊಂದಿಸಲು ಬರುವ ಯಂತ್ರ ಒಳ್ಳೆಯದು. ಕೆಳಗಿನ ಗೂಟ ಉದ್ದವಿದ್ದು ಹಸಿ ಮಣ್ಣಿನಲ್ಲೂ ಅಲುಗಾಡದಿರಲಿ.

ಬ್ಯಾಟರಿಯ ಲೆಕ್ಕ: ಇವು 12 ವೋಲ್ಟಿನವು. ನಮ್ಮ ಬೆನ್ನಿನ ಸ್ಪ್ರೇಯರ್ ಒಳಗಿನ ಬ್ಯಾಟರಿಯಂಥದ್ದೇ ಸಾಕಾಗುತ್ತದೆ. ಯಂತ್ರ 1 ಆಂಪಿಯರ್ ಎಳೆದರೆ 7 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ 7 ಗಂಟೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಮೂರೂವರೆ ಗಂಟೆ ಎಂದೇ ಹಿಡಿಯಲಿ. ಕೆಸರಿನ ಹೊಲದಲ್ಲಿ ದೂರ ಹೊತ್ತು ನಡೆಯುವುದಾದರೆ ಲಿಥಿಯಂ ಹಗುರ. ಮೊಸಳೆ ಬಾಯಿಯ ಕ್ಲಿಪ್ಪು ಬೇಡ, ಒತ್ತಿ ಕೂರುವ ಪ್ಲಗ್ ಇರಲಿ, ತಂತಿಯಲ್ಲಿ ಒಂದು ಫ್ಯೂಸ್ ಇರಲಿ. ರಿಮೋಟ್ ಇರುವುದಕ್ಕೆ ನಾನು ಹೆಚ್ಚು ದುಡ್ಡು ಕೊಟ್ಟೇನು, ಏಕೆಂದರೆ ಕೆಲವು ದಿನ ಹಕ್ಕಿಗಳು ತಿರುಗುವುದನ್ನು ಕಂಡರೇ ಬೆದರುತ್ತವೆ; ಮರೆಯಿಂದ ಎದ್ದು ಹೋಗದೆ ನಿಲ್ಲಿಸಲು ಬರಬೇಕು. ಬೊಂಬೆಗಳ ನಡುವೆ ಹಕ್ಕಿ ಇಳಿಯಲು ಬಯಲು ಬಿಡಲಿ, ಹಕ್ಕಿ ಗಾಳಿಗೆ ಎದುರಾಗಿ ಇಳಿಯುವುದರಿಂದ ಆ ಬಯಲು ಗಾಳಿ ಬೀಸಿ ಹೋಗುವ ದಿಕ್ಕಿಗೆ ತೆರೆದಿರಲಿ.

ಒಂದನ್ನು ಒತ್ತಿ ಹೇಳುತ್ತೇನೆ. ಅಲ್ಲಿಯೂ ಪಾರಿವಾಳ ಹೊಡೆಯುವುದು ಹವ್ಯಾಸದ ಹಕ್ಕಲ್ಲ. 1981ರ ವನ್ಯಜೀವಿ ಕಾನೂನಿನಡಿ, ಬೆಳೆಗೆ ಗಂಭೀರ ನಷ್ಟ ತಪ್ಪಿಸಲು ಸರ್ಕಾರ ಕೊಡುವ ಸಾಮಾನ್ಯ ಪರವಾನಗಿಯ (ಜನರಲ್ ಲೈಸೆನ್ಸ್, ಅರ್ಜಿ ಹಾಕದೆಯೇ ಎಲ್ಲರಿಗೂ ಅನ್ವಯಿಸುವಂಥದ್ದು) ಷರತ್ತಿನೊಳಗೆ ಮಾತ್ರ. 2019ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಳೆಯ ಪರವಾನಗಿಗಳನ್ನು ಹಿಂಪಡೆದು ಹೊಸದಾಗಿ ಬರೆದರು. ಈಗ ಜಾರಿಯಲ್ಲಿರುವುದನ್ನು ಮಗ ತಾನೇ ಓದಲಿ. ಪೊಲೀಸರ ಶಾಟ್‌ಗನ್ ಪ್ರಮಾಣಪತ್ರ, ಹೊಲದವರ ಒಪ್ಪಿಗೆ ಎರಡೂ ಕೈಯಲ್ಲಿರಲಿ.

ನಿಮ್ಮ ಹೊಲದಲ್ಲಂತೂ ಬಂದೂಕಿನ ಯೋಚನೆಯೇ ಬೇಡ. ಸೂರ್ಯಕಾಂತಿಗೆ ಬರುವುದು ಪಾರಿವಾಳಕ್ಕಿಂತ ಗಿಳಿ. ಜತೆಗೆ ಬೆಳವ, ನವಿಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವುಗಳನ್ನು ಕಾಯುತ್ತದೆ. ಕಾಳಿಗೆ ವಿಷ ಬೆರೆಸಿ ಚೆಲ್ಲುವವರ ಸುದ್ದಿ ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಅದನ್ನು ತಿನ್ನುವುದು ನಿಮ್ಮ ಕೋಳಿಯೂ ಆದೀತು, ನವಿಲೂ ಆದೀತು.

ಕಾಳು ಹಾಲುಗಟ್ಟಿದಲ್ಲಿಂದ ಕೊಯ್ಲಿನವರೆಗಿನ ಮೂರು-ನಾಲ್ಕು ವಾರ ನಿಮಗೆ ಕಾವಲಿನ ಕಾಲ. ಹೊತ್ತು ಹುಟ್ಟಿದ ಮೇಲಿನ ಎರಡು ಗಂಟೆ, ಮುಳುಗುವ ಮೊದಲಿನ ಎರಡು ಗಂಟೆ ಹೊಲದಲ್ಲಿ ಮನುಷ್ಯರಿದ್ದರೆ ಅರ್ಧ ಬೆಳೆ ಉಳಿದಂತೆ. ಒಂದು ಕಡೆ ಬೆಳ್ಳಿ, ಒಂದು ಕಡೆ ಕೆಂಪು ಇರುವ ಮಿಂಚುಪಟ್ಟಿಯನ್ನು ತೆನೆಗಿಂತ ಒಂದಡಿ ಮೇಲೆ, ಎರಡು ಮೂರು ತಿರುಚು ಕೊಟ್ಟು ಗೂಟದಿಂದ ಗೂಟಕ್ಕೆ ಕಟ್ಟಿ. ಗಾಳಿಗೆ ಅದು ಮಿಂಚುವುದಲ್ಲದೆ ಗುನುಗುತ್ತದೆ. ಪೂರ್ತಿ ಬಿಗಿದರೆ ಗುನುಗುವುದಿಲ್ಲ, ಸ್ವಲ್ಪ ಸಡಿಲವಿರಲಿ. ಕೆಲವೇ ದಿನಗಳಲ್ಲಿ ಹಕ್ಕಿಗೆ ರೂಢಿಯಾಗುತ್ತದೆ, ಆಗ ಜಾಗ ಬದಲಿಸಿ, ಡಬ್ಬ ಬಾರಿಸಿ, ಬೆದರುಬೊಂಬೆಯ ಅಂಗಿ ಬದಲಿಸಿ. ಎಲ್ಲಕ್ಕಿಂತ ಮುಖ್ಯ, ಸುತ್ತ ಮೆಕ್ಕೆಜೋಳವಿದ್ದು ನಡುವೆ ನಿಮ್ಮದೊಂದೇ ಸೂರ್ಯಕಾಂತಿ ಇದ್ದರೆ ಸುತ್ತಲಿನ ಗಿಳಿಯೆಲ್ಲ ಅಲ್ಲಿಗೇ ಬರುತ್ತದೆ. ಮುಂದಿನ ಸಲ ಅಕ್ಕಪಕ್ಕದ ನಾಲ್ಕು ಜನರನ್ನು ಒಪ್ಪಿಸಿ ಒಂದೇ ವಾರದಲ್ಲಿ ಬಿತ್ತಿರಿ.

ಪ್ರಶ್ನೆ: ಬ್ಯಾಟರಿ ಸ್ಪ್ರೇಯರ್ ಹಂಗಾಮಿನಲ್ಲಿ ಚೆನ್ನಾಗಿರುತ್ತದೆ. ಆರು ತಿಂಗಳು ಅಟ್ಟದ ಮೇಲಿಟ್ಟು ತೆಗೆದರೆ ಚಾರ್ಜ್ ಹಿಡಿಯುವುದಿಲ್ಲ. ಮೋಸದ ಬ್ಯಾಟರಿಯೇ?
— ಓದುಗರು, ಚಳ್ಳಕೆರೆ

ಉತ್ತರ: ಬ್ಯಾಟರಿಯದಲ್ಲ, ಅಟ್ಟದ ತಪ್ಪು. ಸೀಸದ ಬ್ಯಾಟರಿ ಸುಮ್ಮನಿದ್ದರೂ ತಾನಾಗಿಯೇ ಇಳಿಯುತ್ತದೆ. ತಗಡಿನ ಕೆಳಗಿನ ಸೆಖೆಯಲ್ಲಿ ಬೇಗ ಇಳಿಯುತ್ತದೆ. ಪೂರ್ತಿ ಇಳಿದು ಕೂತರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಚಾರ್ಜ್ ಒಳಗೆ ಹೋಗುವುದಿಲ್ಲ. ಕೊನೆಯ ಸಿಂಪಡಣೆಯ ದಿನವೇ ಪೂರ್ತಿ ಚಾರ್ಜ್ ಮಾಡಿ, ತಂತಿ ಬಿಚ್ಚಿ, ಮನೆಯ ತಂಪು ಮೂಲೆಯಲ್ಲಿಡಿ. ಎರಡು ತಿಂಗಳಿಗೊಮ್ಮೆ, ಅಮಾವಾಸ್ಯೆಯ ನೆನಪಿಟ್ಟುಕೊಂಡು, ಒಂದು ರಾತ್ರಿ ಚಾರ್ಜಿಗೆ ಹಾಕಿ.