ಎಡಿಎಚ್‌ಡಿ ಮಾತ್ರೆ ಶುರುವಾದ ಮೇಲೆ ಮಗ ಊಟ ಬಿಟ್ಟಿದ್ದಾನೆ, ಸಂಜೆ ವಿಪರೀತ ಸಿಟ್ಟು. ಮಾತ್ರೆ ನಿಲ್ಲಿಸಲಾ?

ಅಕ್ಕಾ, ರಾಣೆಬೆನ್ನೂರಿನಿಂದ ಬರೆದಿದ್ದೀರಿ. 8 ವರ್ಷದ ಮಗನಿಗೆ ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ) ಮೀಥೈಲ್‌ಫೆನಿಡೇಟ್ ಅನ್ನುವ ಮಾತ್ರೆ ಶುರುವಾಗಿದೆ, ಶಾಲೆಯಿಂದ ಡಬ್ಬಿ ಹಾಗೇ ವಾಪಸ್ ಬರುತ್ತದೆ, ಸಂಜೆ ಸುಮ್‌ಸುಮ್ನೆ ಅಳುತ್ತಾನೆ ಅಂತ. ನನ್ನ ಮಗಳಿಗೂ ಇದೇ ಔಷಧ ನಡೆದಿದೆ. ನಾವು ಧಾರವಾಡದವರು. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ, ಡೋಸನ್ನೂ ಬದಲಿಸಬೇಡಿ. ಮೊದಲು ಮಾತ್ರೆ ಎಷ್ಟು ಹೊತ್ತು ಕೆಲಸ ಮಾಡುತ್ತದೆ ಅಂತ ಡಾಕ್ಟರನ್ನು ಕೇಳಿ. ಸಾದಾ ಮಾತ್ರೆ 3–4 ಗಂಟೆ, ನಿಧಾನವಾಗಿ ಕರಗುವಂಥದ್ದು 8 ಗಂಟೆ, ಕೆಲವು 12ರ ತನಕ. ಹಸಿವು, ಸಿಟ್ಟು, ನಿದ್ದೆ ಎಲ್ಲ ಈ ಗಂಟೆಗಳ ಲೆಕ್ಕದಲ್ಲೇ ಏರುಪೇರಾಗುತ್ತವೆ.

ಮಾತ್ರೆ ಕೆಲಸ ಮಾಡುವಾಗ ತುಂಬಾ ಮಕ್ಕಳಿಗೆ ಹಸಿವು ಕಮ್ಮಿಯಾಗುತ್ತದೆ. ಮಧ್ಯಾಹ್ನ ಬೈದು ತಿನ್ನಿಸಿದರೆ ಮಗುವಿಗೆ ಊಟದ ಮೇಲೇ ಬೇಜಾರು ಬರುತ್ತದೆ. ಬೆಳಿಗ್ಗೆ ಹೊಟ್ಟೆ ತುಂಬಾ ತಿನ್ನಿಸಿ, ಆಮೇಲೆ ಮಾತ್ರೆ ಕೊಡಿ. ತುಪ್ಪ ಹಚ್ಚಿದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಡಬ್ಬಿಯಲ್ಲಿ ಸ್ವಲ್ಪವೇ ಇರಲಿ. ಶೇಂಗಾ ಉಂಡಿ, ಬಾಳೆಹಣ್ಣು ಸಾಕು. ರಾತ್ರಿ ಹಸಿವು ವಾಪಸ್ ಬರುತ್ತದೆ, ನಮ್ಮವಳು ಒಂಬತ್ತಕ್ಕೆ ಎರಡನೇ ಸಲ ಕೇಳುತ್ತಾಳೆ. ಆಗ ನಿಜವಾದ ಊಟ ಕೊಡಿ. ಗಿರ್ಮಿಟ್, ಚುರುಮುರಿಯಿಂದ ಹೊಟ್ಟೆ ತುಂಬುತ್ತದೆ ಅಷ್ಟೇ, ತೂಕ ಬರಲ್ಲ.

ಬಂಧುಗಳು ‘ಹುಡುಗ ಬಡವಾಗ್ಯಾನ’ ಅಂತ ಅಂದೇ ಅನ್ನುತ್ತಾರೆ. ಅವರ ಕಣ್ಣಿಗಿಂತ ತೂಕದ ಯಂತ್ರ ನಂಬಿ. ಈ ವಯಸ್ಸಿನಲ್ಲಿ ಮೂರು ತಿಂಗಳಿಗೊಮ್ಮೆ ತೂಕ, ಆರು ತಿಂಗಳಿಗೊಮ್ಮೆ ಎತ್ತರ, ಬಿಪಿ, ನಾಡಿ ನೋಡಿಸಬೇಕು. ಕೆಲವು ಮಕ್ಕಳಲ್ಲಿ ಬೆಳವಣಿಗೆ ಸ್ವಲ್ಪ ನಿಧಾನವಾಗುವುದು ನಿಜ. ತೂಕ ಏರದಿದ್ದರೆ ಡಾಕ್ಟರು ಡೋಸ್ ಇಳಿಸಬಹುದು, ಬೇಸಿಗೆ ರಜೆಯಲ್ಲಿ ಬಿಡುವು ಕೊಡಬಹುದು, ಆಟೊಮಾಕ್ಸೆಟಿನ್‌ನಂಥ ಬೇರೆ ಔಷಧಕ್ಕೂ ಹೋಗಬಹುದು. ದಾರಿಗಳಿವೆ, ಅದಕ್ಕೇ ಗಾಬರಿಯಾಗಬೇಡಿ ಅನ್ನುವುದು.

ಸಂಜೆಯ ಸಿಟ್ಟು ಹೆಚ್ಚಾಗಿ ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿನದು. ಅದು ಹಟ ಅಲ್ಲ, ಹೊಡೆಯಬೇಡಿ. ಆ ಒಂದು ತಾಸು ಟ್ಯೂಷನ್, ಹೋಮ್‌ವರ್ಕ್ ಬೇಡ. ತಿನ್ನಲು ಏನಾದರೂ ಕೊಟ್ಟು ಆಡಲು ಬಿಡಿ. ದಿನದಿನವೂ ಜಾಸ್ತಿಯಾದರೆ ಎಷ್ಟು ಗಂಟೆಗೆ ಶುರುವಾಯಿತು, ಎಷ್ಟಕ್ಕೆ ತಣ್ಣಗಾಯಿತು ಅಂತ ಬರೆದಿಟ್ಟು ತೋರಿಸಿ. ಅದನ್ನು ನೋಡಿಯೇ ನಮ್ಮ ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿದ್ದು. ನಿದ್ದೆಯ ವಿಷಯದಲ್ಲಿ ಮಾತ್ರೆಗೆ ಮುಂಚೆ ಹೇಗಿತ್ತು ಅನ್ನುವುದನ್ನೂ ಹೇಳಿ. ಈ ಮಕ್ಕಳಲ್ಲಿ ತುಂಬಾ ಜನಕ್ಕೆ ಮೊದಲಿನಿಂದಲೇ ನಿದ್ದೆ ಕಷ್ಟ.

ನಿಧಾನವಾಗಿ ಕರಗುವ ಮಾತ್ರೆಯನ್ನು ಜೇನಿನಲ್ಲಿ ಪುಡಿ ಮಾಡಿ ಕೊಡಬಾರದು. ಇಡೀ ದಿನದ ಔಷಧ ಒಮ್ಮೆಲೇ ಮೈಗಿಳಿಯುತ್ತದೆ.

ಆಡುವಾಗ ಎಚ್ಚರ ತಪ್ಪಿದರೆ, ಎದೆ ನೋವು ಅಂದರೆ, ಇಲ್ಲದ್ದು ಕಂಡಂತೆ ಕೇಳಿದಂತೆ ಮಾತಾಡಿದರೆ, ಸಾಯುವ ಮಾತಾಡಿದರೆ ಮುಂದಿನ ತಾರೀಖಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆಯಿಂದ ತೀರಿಕೊಂಡಿದ್ದರೆ ಅದನ್ನು ಈಗಲೇ ಹೇಳಿಬಿಡಿ.

ಹತ್ತಿರದಲ್ಲಿ ಮಕ್ಕಳ ಮನೋವೈದ್ಯರು ಸಿಗದಿದ್ದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈ ಮಾತ್ರೆ ಎಲ್ಲ ಮೆಡಿಕಲ್‌ನಲ್ಲೂ ಇರುವುದಿಲ್ಲ, ಚೀಟಿ ಇಲ್ಲದೆ ಕೊಡುವಂತೆಯೂ ಇಲ್ಲ. ಮುಗಿಯುವ ಒಂದು ವಾರ ಮುಂಚೆಯೇ ತರಿಸಿಟ್ಟುಕೊಳ್ಳಿ.