ಚೂರಿ ಹಿಡಿದಿದ್ದ ಕೈ ಯಾರದು?

ನಮಸ್ಕಾರ.

ನಿಮ್ಮ ‘ಸೇಡಿನ ಸರದಾರ ಬೇಯಕ್’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಹೂತುಹೋಗಿದೆ. ಅದನ್ನು ನೀವು ಬಿಟ್ಟುಕೊಡಬಾರದು ಅಂತಲೇ ಇಷ್ಟು ಬರೆಯುತ್ತಿದ್ದೇನೆ.

ಪ್ರಾಚೀನ ಈಜಿಪ್ಟಿನಲ್ಲಿ ನಡೆಯುವ, 2017ರ ‘ಅಸ್ಯಾಸಿನ್ಸ್ ಕ್ರೀಡ್ ಒರಿಜಿನ್ಸ್’ ವಿಡಿಯೋ ಗೇಮಿನಲ್ಲಿ ನಾಯಕ ಬೇಯಕ್ ತನ್ನ ಮಗ ಖೇಮುವಿನ ಸಾವಿಗೆ ಕಾರಣರಾದ ಮುಸುಕುಧಾರಿಗಳನ್ನು ಹುಡುಕಿ ಹುಡುಕಿ ಕೊಲ್ಲುತ್ತಾನೆ. ನೀವು ಮೂರು ಪುಟ ಆ ಕೊಲೆಗಳನ್ನೇ ಬರೆದಿದ್ದೀರಿ. ಯಾರನ್ನು ಕೊಂದ, ಎಲ್ಲಿ ಕೊಂದ, ಯಾವ ಆಯುಧದಿಂದ ಎಂದು. ನಾಲ್ಕನೆಯವನು ಸಾಯುವ ಹೊತ್ತಿಗೆ ಮೊದಲನೆಯವನು ಯಾರೆಂಬುದೇ ನನಗೆ ಮರೆತಿತ್ತು. ಎರಡನೇ ಪುಟದ ಕೊನೆಗೆ, ಕಂಸದೊಳಗೆ, ಒಂದು ಸಾಲು ಬಂತು: ‘ಚೂರಿ ಅವನ ಕೈಯಲ್ಲೇ ಇತ್ತು’. ನಾನು ಅಲ್ಲಿಂದ ಮುಂದೆ ಹೋಗಲಾರದೆ ನಿಂತೆ.

ಆ ದೃಶ್ಯವನ್ನು ಇನ್ನೊಮ್ಮೆ ನೋಡಿ. ಸಿವಾ ಓಯಸಿಸ್ಸಿನಲ್ಲಿ, ಅಮುನ್ ದೇಗುಲದ ಕೆಳಗೆ, ಅಪ್ಪ ಮಗ ಇಬ್ಬರೂ ಸೆರೆಯಲ್ಲಿದ್ದಾರೆ. ಬೇಯಕ್ ಮುಸುಕುಧಾರಿಯ ಮೇಲೆ ಎರಗುತ್ತಾನೆ. ಆ ಎಳೆದಾಟದಲ್ಲಿ ಬೇಯಕ್‌ನ ಕೈಯ ಚೂರಿ ಮಗನಿಗೇ ತಾಗುತ್ತದೆ. ತಪ್ಪು ಅವನದಲ್ಲ, ಕೈ ಮಾತ್ರ ಅವನದೇ. ಅಷ್ಟೂ ಜನರನ್ನು ಕೊಂದರೂ ಆ ಕೈ ಅವನ ಜೊತೆಗೇ ಬರುತ್ತದೆ. ಮುಂದೆ ಅಲೆಕ್ಸಾಂಡ್ರಿಯಾದಲ್ಲಿ, ಹೆಂಡತಿ ಆಯಾ ಕೊಟ್ಟ, ಮುಂಗೈಗೆ ಕಟ್ಟುವ ಗುಪ್ತ ಬ್ಲೇಡು ಅವನ ಉಂಗುರ ಬೆರಳನ್ನೇ ಕತ್ತರಿಸುತ್ತದೆ. ನೀವು ಅದನ್ನು ‘ಸೂಪರ್ ಆಕ್ಷನ್ ಸೀನ್’ ಅಂದು ದಾಟಿಸಿದ್ದೀರಿ. ಬೇಡ, ಅಲ್ಲಿ ಸ್ವಲ್ಪ ಹೊತ್ತು ಕೂತುಕೊಳ್ಳಿ.

ಕೊಂದ ಮೇಲೆ ಅವನು ಗರಿಗೆ ರಕ್ತ ಸವರುವುದನ್ನು ‘ಸ್ಟೈಲ್’ ಎಂದಿದ್ದೀರಿ. ಈಜಿಪ್ಟಿನವರ ನಂಬಿಕೆಯಲ್ಲಿ ಸತ್ತವರ ಹೃದಯವನ್ನು ಮಾತ್ ದೇವಿಯ ಗರಿಯ ಎದುರು ತೂಗುತ್ತಾರೆ, ಪಾಪದ ಭಾರವಿದ್ದ ಹೃದಯ ರಾಕ್ಷಸಿಯ ಬಾಯಿಗೆ. ಆ ಗರಿಯ ಎದುರು ಬೇಯಕ್‌ನ ಹೃದಯ ಎಷ್ಟು ತೂಗೀತು? ನಿಮ್ಮ ಲೇಖನ ಕೇಳಬೇಕಾದ ಪ್ರಶ್ನೆ ಇದು.

ಇತಿಹಾಸದ ತಪ್ಪುಗಳೂ ಇವೆ. ಕ್ಲಿಯೋಪಾತ್ರಾ ಕಾಲದಲ್ಲಿ ಪಿರಮಿಡ್ ಕಟ್ಟುತ್ತಿರಲಿಲ್ಲ, ಗೀಜಾದ ಮಹಾ ಪಿರಮಿಡ್ಡಿಗೆ ಆಗಲೇ ಸುಮಾರು 2,500 ವರ್ಷ. ಬೇಯಕ್ ತನ್ನನ್ನು ಕರೆದುಕೊಳ್ಳುವ ‘ಮೆಡ್ಜೇ’ ಅವಳ ಸೈನ್ಯವೂ ಅಲ್ಲ. ಆ ಕಾವಲುಪಡೆಯ ಹೆಸರು ಅವಳಿಗಿಂತ ಸಾವಿರ ವರ್ಷ ಮೊದಲೇ ಮರೆಯಾಗಿತ್ತು. ಗೇಮಿನ ಕಥೆ ಶುರುವಾಗುವುದು ಕ್ರಿ.ಪೂ. 49ರಲ್ಲಿ. ಅಂದರೆ ಬೇಯಕ್ ಕಾಲ ಮುಗಿದುಹೋದ ಹುದ್ದೆಯೊಂದನ್ನು ಹೊತ್ತು ತಿರುಗುವವನು. ಇದು ನಿಮಗೆ ಸಿಕ್ಕ ಬಂಗಾರ, ತಪ್ಪಾಗಿ ಬರೆದು ಕಳೆದುಕೊಂಡಿದ್ದೀರಿ.

ಭಾಷೆಯ ಬಗ್ಗೆ ಒಂದೇ ಮಾತು. ‘ರೋಚಕ’, ‘ಮೈ ನವಿರೇಳಿಸುವ’ ಎಲ್ಲ ಹೊಡೆದುಹಾಕಿ. ‘ಲೆವೆಲ್’, ‘ಮಿಷನ್’ ಇರಲಿ, ಅವು ಆಡುವವರ ಮಾತು.

ಕೊನೆಯ ಪುಟದಲ್ಲಿ ‘ಒಳ್ಳೇ ಕವಚ ಬೇಕಾದರೆ 12 ಕಲ್ಲಿನ ವೃತ್ತ ಹುಡುಕಬೇಕು, ಬೋರು’ ಎಂದಿದ್ದೀರಿ. ಆ ವೃತ್ತಗಳಲ್ಲಿ ಬೇಯಕ್ ನಕ್ಷತ್ರ ಜೋಡಿಸುವಾಗ ಕೇಳಿಸುವುದು ಖೇಮುವಿನ ದನಿ. ಕೊಲೆಗಾರ ಅಲ್ಲಿ ಬರೀ ಅಪ್ಪನಾಗಿ ನಿಂತಿರುತ್ತಾನೆ. ಒಂದು ರಾತ್ರಿ ಬಿಡುವು ಮಾಡಿಕೊಂಡು, ಹೆಡ್‌ಫೋನ್ ಹಾಕಿಕೊಂಡು ಹನ್ನೆರಡನ್ನೂ ಮತ್ತೆ ಕೇಳಿ. ಹೊಸ ಕರಡನ್ನು ಅಲ್ಲಿಂದಲೇ ಶುರುಮಾಡಿ ಕಳಿಸಿ. ಎರಡು ಪುಟ ಸಾಕು. ನಾನು ಕಾಯುತ್ತಿರುತ್ತೇನೆ.

ಸಂಪಾದಕ